ಸ್ಪ್ಯಾನಿಷ್, ಫ್ರೆಂಚ್ ಪದವಿ ಓದುವುದು ಹೇಗೆ? ಕನ್ನಡದಿಂದಲೇ ಶುರು ಮಾಡಿ

ಪಿಯುಸಿ ಮುಗಿಸಿ ಸ್ಪ್ಯಾನಿಷ್, ಫ್ರೆಂಚ್ ಬಿ.ಎ. ಆನರ್ಸ್‌ಗೆ ಸೇರಿದ ನಮ್ಮ ಮಕ್ಕಳು ಮೊದಲ ವರ್ಷವೇ ಕೈಚೆಲ್ಲುವುದನ್ನು ನೋಡುತ್ತಾ ಬಂದಿದ್ದೇನೆ. ಜಾಣ ಮಕ್ಕಳೇ. ಎಲ್ಲವನ್ನೂ ಇಂಗ್ಲಿಷ್ ಮೂಲಕ ಕಲಿಯಲು ಹೋಗಿ ಸೋಲುತ್ತಾರೆ.

ಹಂತ 1: ಸೀಟು. ದೆಹಲಿಯ ಜೆಎನ್‌ಯು (ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ), ದೆಹಲಿ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಭಾಷೆ ಮೊದಲೇ ಬರಬೇಕಿಲ್ಲ, ಅಕ್ಷರದಿಂದ ಕಲಿಸುತ್ತಾರೆ. ಪೋರ್ಚುಗೀಸ್ ಆಸೆಯಿದ್ದವರಿಗೆ ಪಕ್ಕದ ಗೋವಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಇದೆ.

ಹಂತ 2: ಒಂದೇ ಭಾಷೆ. ಇವೆಲ್ಲ ಲ್ಯಾಟಿನ್‌ನಿಂದ ಬಂದವು, ಹಾಗಾಗಿ ಎರಡು ಒಟ್ಟಿಗೆ ಕಲಿತರಾಯಿತು ಅನ್ನುವವರ ಮಾತು ಕೇಳಬೇಡಿ. ಹೋಲಿಕೆ ಜಾಸ್ತಿ ಇರುವುದರಿಂದಲೇ ಎರಡೂ ಕಲಸಿಹೋಗುತ್ತವೆ. ಮೊದಲನೆಯದು ಬಿ1 ಮಟ್ಟಕ್ಕೆ (ಯುರೋಪಿನ ಭಾಷಾ ಅಳತೆಗೋಲಿನಲ್ಲಿ ಮಧ್ಯಮ ಮಟ್ಟ) ಬರಲಿ, ಆಮೇಲೆ ಇಟಾಲಿಯನ್ ಹಿಡಿಯಿರಿ.

ಹಂತ 3: ಲಿಂಗ ಮತ್ತು ಕ್ರಿಯಾಪದ. ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ನಮಗೆ ಮೇಜು, ಕೈ, ಪುಸ್ತಕ ಎಲ್ಲವೂ 'ಅದು'. ಅಲ್ಲಿ ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. ಸ್ಪ್ಯಾನಿಷ್‌ನಲ್ಲಿ 'ಒ' ಕೊನೆಯಾದರೆ ಗಂಡು, 'ಆ' ಕೊನೆಯಾದರೆ ಹೆಣ್ಣು ಎಂಬ ಸೂತ್ರ ನಂಬಿ ಕೂತರೆ ಕೈ (ಲಾ ಮಾನೊ), ಸಮಸ್ಯೆ (ಎಲ್ ಪ್ರೊಬ್ಲೇಮಾ) ಎರಡೂ ಕೈಕೊಡುತ್ತವೆ. ಬರೀ ಪದವನ್ನು ಎಂದೂ ಬರೆದುಕೊಳ್ಳಬೇಡಿ. ಪದಕ್ಕೆ ಮೊದಲು 'ಎಲ್' (ಗಂಡು) ಅಥವಾ 'ಲಾ' (ಹೆಣ್ಣು), ಪದದ ನಂತರ ಒಂದು ಗುಣವಾಚಕ ಸೇರಿಸಿ: 'ಲಾ ಮಾನೊ ಬ್ಲಾಂಕಾ', ಅಂದರೆ ಬಿಳಿ ಕೈ. ಗಟ್ಟಿಯಾಗಿ ಹೇಳಿ. ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು ಇಂಕು. ಮೊಬೈಲ್‌ನಲ್ಲಿ ಬೇಡ, ನೋಟ್‌ಬುಕ್ಕಿನಲ್ಲೇ ಬರೆಯಿರಿ.

ಕ್ರಿಯಾಪದಕ್ಕೆ ಬಂದರೆ ನಮ್ಮದೇ ಮೇಲುಗೈ. 'ಮಾತಾಡುತ್ತೇನೆ' ಅಂದರೆ ಸಾಕು, 'ನಾನು' ಬೇಕಿಲ್ಲ, ಅಲ್ವಾ? ಸ್ಪ್ಯಾನಿಷ್‌ನ 'ಆಬ್ಲೊ' (ಮಾತಾಡುತ್ತೇನೆ) ಕೂಡ ಹಾಗೆಯೇ. ಇಂಗ್ಲಿಷ್‌ನಲ್ಲಿ ಯೋಚಿಸುವವರು ಪ್ರತಿ ವಾಕ್ಯಕ್ಕೂ ಸುಮ್ನೆ 'ಯೊ' (ನಾನು) ತುರುಕುತ್ತಾರೆ. 'ನನಗೆ ಕಾಫಿ ಇಷ್ಟ' ಅನ್ನುವುದು 'ಮೆ ಗುಸ್ತಾ ಎಲ್ ಕಫೆ'. ಅಲ್ಲೂ 'ನನಗೆ', 'ನಾನು' ಅಲ್ಲ. ಎಲ್ಲರೂ ಹೆದರುವ ಸಬ್ಜಂಕ್ಟಿವ್ (ಆಸೆ, ಅನುಮಾನ ಹೇಳುವ ಕ್ರಿಯಾರೂಪ) ಕೂಡ ಪರಕೀಯವಲ್ಲ. 'ಅವನು ಬರಲಿ' ಎಂಬಲ್ಲಿನ 'ಬರಲಿ'ಯನ್ನು ಹಿಡಿದುಕೊಂಡೇ 'ಕೆ ವೆಂಗಾ' ಕಲಿಯಿರಿ. ಫ್ರೆಂಚ್‌ನಲ್ಲಿ ಮಾತ್ರ 'ನಾನು', 'ನೀನು' ಬಿಡುವಂತಿಲ್ಲ. ಆದರೆ 'ತ್ಯು', 'ವೂ' ವ್ಯತ್ಯಾಸ ನಮ್ಮ ನೀನು, ನೀವುಗಳದ್ದೇ.

'ಮೂವತ್ತು ದಿನದಲ್ಲಿ ಸ್ಪ್ಯಾನಿಷ್' ಪುಸ್ತಕಗಳಿಗೆ ದುಡ್ಡು ಹಾಕಬೇಡಿ. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ನಾಲಿಗೆ ಕೆಡಿಸುತ್ತವೆ. ಆಟದಂಥ ಆ್ಯಪ್‌ಗಳು ಬಸ್ಸಿನಲ್ಲಿ ಹೊತ್ತು ಕಳೆಯಲು ಸರಿ, ಪದವಿಗೆ ಸಾಲವು. ಸಿನಿಮಾ ನೋಡಿ, ಆದರೆ ಸಬ್‌ಟೈಟಲ್ ಅದೇ ಭಾಷೆಯಲ್ಲಿರಲಿ.

ಹಂತ 4: ಸಾಹಿತ್ಯ. ಕಥೆಯನ್ನು ಮೊದಲು ಡಿಕ್ಷನರಿ ಇಲ್ಲದೆ ಪೂರ್ತಿ ಓದಿ. ಎರಡನೇ ಸಲ ಡಿಕ್ಷನರಿ ತೆಗೆಯಿರಿ.

ಹಂತ 5: ಪ್ರಮಾಣಪತ್ರ. ಕೊನೆಯ ವರ್ಷ ಬಿ2 (ಬಿ1ಕ್ಕಿಂತ ಒಂದು ಮೆಟ್ಟಿಲು ಮೇಲೆ) ಮಟ್ಟದ ಪರೀಕ್ಷೆ ಬರೆಯಿರಿ. ಸ್ಪ್ಯಾನಿಷ್‌ಗೆ ಡೆಲೆ, ಫ್ರೆಂಚ್‌ಗೆ ಡೆಲ್ಫ್. ಎರಡಕ್ಕೂ ಅವಧಿ ಮುಗಿಯುವ ಭಯವಿಲ್ಲ. ಡೆಲ್ಫ್ ಅನ್ನು ಬೆಂಗಳೂರಿನ ಆಲಿಯಾನ್ಸ್ ಫ್ರಾನ್ಸೇಸ್‌ನಲ್ಲೇ ಬರೆಯಬಹುದು, ರಜೆಗೆ ಊರಿಗೆ ಬಂದಾಗ ದಿನಾಂಕ ಹೊಂದುತ್ತದಾ ನೋಡಿಕೊಳ್ಳಿ.