ಎಲ್‌ಪಿ ಪ್ಲೇಟುಗಳಿಗೆ ಒಳ ಕವರ್ ಆರಿಸಿಕೊಳ್ಳುವ ಬಗೆ

ಹಳೆಯ ಎಲ್‌ಪಿಗಳ, ಅಂದರೆ ಸಂಗೀತದ ದೊಡ್ಡ ಪ್ಲೇಟುಗಳ (ರೆಕಾರ್ಡುಗಳ) ಪೆಟ್ಟಿಗೆಯೊಂದು ಕೈಗೆ ಬಂದಾಗ ಹೆಚ್ಚಿನವರು ಮೊದಲು ವಿಚಾರಿಸುವುದು ಯಾವ ಪ್ಲೇಯರ್ ಕೊಳ್ಳಬೇಕು, ಅದರ ಮುಳ್ಳು ಎಲ್ಲಿ ಸಿಗುತ್ತದೆ ಎಂದು. ಆದರೆ ಪ್ಲೇಟು ತನ್ನ ಆಯುಷ್ಯದ ಬಹುಪಾಲನ್ನು ಕಳೆಯುವುದು ಮುಳ್ಳಿನ ಕೆಳಗಲ್ಲ, ಕವರಿನ ಒಳಗೆ. ತಿಂಗಳಿಗೊಮ್ಮೆ ಎರಡೂ ಬದಿ ನುಡಿಸಿದರೂ ಅದು ಹೊರಗಿರುವುದು ಮುಕ್ಕಾಲು ಗಂಟೆ ಮಾತ್ರ. ಉಳಿದಷ್ಟೂ ಹೊತ್ತು ಒಳ ಕವರು ಅದರ ಮೈಗೆ ಅಂಟಿಕೊಂಡೇ ಇರುತ್ತದೆ. ಚಿತ್ರ ಅಚ್ಚಾದ ರಟ್ಟಿನ ಹೊರ ಕವರನ್ನು ಎಷ್ಟೇ ಜೋಪಾನ ಮಾಡಿದರೂ ಅದು ಪ್ಲೇಟಿನ ಮೈ ಮುಟ್ಟುವುದಿಲ್ಲ. ಆದ್ದರಿಂದ ಸಂಗ್ರಹಕ್ಕೆಂದು ಮೀಸಲಿಟ್ಟ ಹಣದಲ್ಲಿ ಮೊದಲ ಪಾಲನ್ನು ಒಳ ಕವರಿಗೆ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಎಲ್‌ಪಿಯ ಮೇಲಿನ ಗೆರೆಯ ಅಗಲ ಸುಮಾರು 0.05 ಮಿಲಿಮೀಟರ್, ಅಂದರೆ ತಲೆಗೂದಲಿನಷ್ಟು. ಪ್ರತಿ ಬದಿಯಲ್ಲೂ ಅಂಚಿನಿಂದ ನಡುವಿನ ಲೇಬಲ್ಲಿನವರೆಗೆ ಸುರುಳಿಯಾಗಿ ಸಾಗುವ ಆ ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಸಂಗೀತವೆಲ್ಲ ಅಡಗಿರುತ್ತದೆ. ಅಲ್ಲಿ ಕುಳಿತ ಧೂಳಿನ ಕಣ, ಕಾಗದದ ಎಳೆ, ಬೂಷ್ಟಿನ ಚುಕ್ಕೆ, ಎಲ್ಲವನ್ನೂ ಮುಳ್ಳು ಸಂಗೀತವೆಂದೇ ಓದುತ್ತದೆ. ನಮಗೆ ಕೇಳಿಸುವುದು ಒಗ್ಗರಣೆಯ ಚಟಪಟ. ಒಳ ಕವರಿನಿಂದ ನಾವು ನಿರೀಕ್ಷಿಸಬೇಕಾದ್ದು ಮೂರೇ ಕೆಲಸ: ತಾನು ಪ್ಲೇಟನ್ನು ಗೀರಬಾರದು, ತನ್ನಿಂದ ಏನನ್ನೂ ಅದರ ಮೇಲೆ ಬಿಡಬಾರದು, ಹೊರಗಿನದನ್ನು ಒಳಗೆ ಬಿಟ್ಟುಕೊಳ್ಳಬಾರದು. ಇವುಗಳಲ್ಲಿ ಎರಡನೆಯದನ್ನು ಮರೆತು ನಾನೇ ಒಮ್ಮೆ ಕೆಟ್ಟಿದ್ದೇನೆ.

ನಮ್ಮ ತಂದೆಯವರ ಸಂಗ್ರಹದಲ್ಲಿ ಮಲ್ಲಿಕಾರ್ಜುನ ಮನ್ಸೂರರದೂ ಭೀಮಸೇನ ಜೋಶಿಯವರದೂ ಸೇರಿ ಎಚ್‌ಎಂವಿ ಕಂಪನಿಯ ಹಲವು ಎಲ್‌ಪಿಗಳಿದ್ದವು. ಅವುಗಳ ಕಾಗದದ ಒಳ ಕವರುಗಳು ಹರಿದುಹೋಗಿದ್ದರಿಂದ, ಪುಸ್ತಕಗಳಿಗೂ ಫೈಲುಗಳಿಗೂ ಪ್ಲಾಸ್ಟಿಕ್ ಹೊದಿಕೆ ಮಾಡಿಕೊಡುವ ಅಂಗಡಿಯೊಂದರಲ್ಲಿ ಅಳತೆ ಕೊಟ್ಟು, ದಪ್ಪಗೆ, ಗಾಜಿನಂತೆ ಹೊಳೆಯುವ ಕವರುಗಳನ್ನು ಮಾಡಿಸಿ ತಂದೆ. ಮುಟ್ಟಲು ಮೆತ್ತಗಿದ್ದ ಅವು ಎಷ್ಟು ಚೆನ್ನಾಗಿ ಕಂಡವೆಂದರೆ, ಹಾಕಿಟ್ಟ ಮೇಲೆ ನಾಲ್ಕೈದು ವರ್ಷ ಅವುಗಳ ಗೊಡವೆಗೇ ಹೋಗಲಿಲ್ಲ. ಮುಂದೊಂದು ದಿನ ಒಂದು ಪ್ಲೇಟನ್ನು ಹೊರತೆಗೆಯುವಾಗ ಅದು ಕವರಿಗೆ ಅಂಟಿಕೊಂಡಿತ್ತು. ಎಳೆದರೆ ಟೇಪು ಬಿಡಿಸಿದಂಥ ಸದ್ದು ಬಂತು. ಟ್ಯೂಬ್‌ಲೈಟಿನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಕಪ್ಪು ಮೈಮೇಲೆ ಬೂದುಬಣ್ಣದ ಮಬ್ಬು ಕವಿದಿತ್ತು. ಪ್ಲಾಸ್ಟಿಕ್ಕಿನ ಸುಕ್ಕು ಎಲ್ಲೆಲ್ಲಿ ತಾಗಿತ್ತೋ ಅಲ್ಲೆಲ್ಲ ನದಿಯ ನಕ್ಷೆಯಂತೆ ಅಚ್ಚು ಬಿದ್ದಿತ್ತು. ನುಡಿಸಿದರೆ ಆಲಾಪದ ಹಿಂದೆ ನಿಲ್ಲದ ಸೊಯ್ಯೆಂಬ ಸದ್ದು. ತೊಳೆದ ಮೇಲೆ ಕೆಲವು ಪ್ಲೇಟುಗಳು ಸುಧಾರಿಸಿದವು, ಎರಡು ಸುಧಾರಿಸಲೇ ಇಲ್ಲ.

ಆ ಕವರುಗಳು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ಎಲ್‌ಪಿಯನ್ನೂ ಪಿವಿಸಿಯಿಂದಲೇ ಮಾಡುವಾಗ ಪಿವಿಸಿ ಕವರಿನಿಂದ ಏನು ಕೇಡು ಎಂದು ಯಾರಿಗಾದರೂ ಅನಿಸಬಹುದು, ನನಗೂ ಅನಿಸಿತ್ತು. ಪಿವಿಸಿ ತನ್ನಷ್ಟಕ್ಕೆ ಗಟ್ಟಿಯಾದ ವಸ್ತು. ಅದನ್ನು ಬಟ್ಟೆಯಂತೆ ಬಾಗುವ ಹಾಳೆಯಾಗಿಸಲು ಅದರಲ್ಲಿ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವವನ್ನು ಬೆರೆಸುತ್ತಾರೆ. ಈ ದ್ರವ ಹಾಳೆಯೊಳಗೆ ಸ್ಥಿರವಾಗಿ ನಿಲ್ಲದೆ ವರ್ಷಗಟ್ಟಲೆ ಮೆಲ್ಲಮೆಲ್ಲನೆ ಹೊರಗೆ ಒಸರುತ್ತದೆ, ಪಕ್ಕದಲ್ಲಿ ಒತ್ತಿಕೊಂಡಿರುವ ಪ್ಲೇಟಿನ ಮೈಗೆ ಇಳಿಯುತ್ತದೆ. ಸೆಖೆ ಹೆಚ್ಚಿದಷ್ಟೂ, ಪ್ಲೇಟುಗಳನ್ನು ಬಿಗಿಯಾಗಿ ಒತ್ತಿ ಜೋಡಿಸಿದಷ್ಟೂ ಈ ಒಸರುವಿಕೆ ಹೆಚ್ಚು. ಹೊರ ಕವರಿಗೆ ಹಾಕುವ ಮೇಲುಹೊದಿಕೆ ಪಿವಿಸಿಯದಾದರೂ ಕಾಲಾಂತರದಲ್ಲಿ ರಟ್ಟಿನ ಚಿತ್ರಕ್ಕೆ ಅಂಟಿಕೊಳ್ಳುವ ಭಯವಿದೆ. ಒಳಗಂತೂ ಅದನ್ನು ಯಾವ ಕಾರಣಕ್ಕೂ ಬಳಸಬಾರದು.

ಅಂಗಡಿಯವರಿಗೆ ತಾವು ಮಾರುವ ಪ್ಲಾಸ್ಟಿಕ್ ಯಾವುದೆಂದು ಎಷ್ಟೋ ಸಲ ತಿಳಿದಿರುವುದಿಲ್ಲ. ಅದನ್ನು ಮನೆಯಲ್ಲೇ ಪತ್ತೆಮಾಡಬಹುದು. ಕವರಿನ ಮೂಲೆಯಿಂದ ಉಗುರಿನಷ್ಟು ಚೂರನ್ನು ಕತ್ತರಿಸಿ, ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ, ಚೂರನ್ನು ಅದರಲ್ಲಿ ಬೆರಳಿನಿಂದ ಪೂರ್ತಿ ಅದ್ದಿ ಬಿಡಿ. ಪಾಲಿಥಿನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಹಾಗಾಗಿ ಮೇಲಕ್ಕೆ ಬರುತ್ತವೆ. ಪಿವಿಸಿ ನೀರಿಗಿಂತ ಭಾರ, ಅದು ತಳ ಸೇರುತ್ತದೆ. ಸೋಪು ಬೇಕಾದದ್ದು ಚೂರಿಗೆ ಗಾಳಿಗುಳ್ಳೆ ಅಂಟಿಕೊಂಡು ಸುಳ್ಳು ಉತ್ತರ ಬಾರದಿರಲೆಂದು. ಹೊಸ ಮಳೆ ಅಂಗಿಯ ವಾಸನೆ ಬಂದರೂ, ಎರಡು ಕವರುಗಳನ್ನು ಒತ್ತಿಹಿಡಿದು ಬಿಡಿಸುವಾಗ ಅಂಟಂಟಾಗಿ ತೋರಿದರೂ ಅನುಮಾನಪಡಿ. ಲೋಟದ ಪರೀಕ್ಷೆಗೆ ಐದು ನಿಮಿಷವೂ ಬೇಡ, ನೂರು ಕವರು ಕೊಳ್ಳುವ ಮುನ್ನ ಒಂದನ್ನು ಕೊಂಡು ಮಾಡಿ ನೋಡಬಹುದು.

ಬರಿಯ ಕಾಗದದ ಕವರು ಅಗ್ಗ, ಎಲ್ಲೆಡೆ ಸಿಗುತ್ತದೆ, ಪ್ಲೇಟಿನ ಮೇಲೆ ಯಾವ ರಸಾಯನವನ್ನೂ ಒಸರುವುದಿಲ್ಲ. ಆದರೂ ಅದನ್ನು ಶಾಶ್ವತ ವ್ಯವಸ್ಥೆಯೆಂದು ನಾನು ಒಪ್ಪುವುದಿಲ್ಲ. ಪ್ಲೇಟನ್ನು ಒಳಗೆ ಹಾಕಿ ಹೊರಗೆ ತೆಗೆಯುವಾಗಲೆಲ್ಲ ಒರಟು ಕಾಗದ ಅದರ ಮೈಯನ್ನು ಸವರುತ್ತದೆ, ತನ್ನ ಸಣ್ಣ ಎಳೆಗಳನ್ನು ಗೆರೆಯೊಳಗೆ ಉದುರಿಸುತ್ತದೆ. ಹಳೆಯ ಪ್ಲೇಟುಗಳ ಮೇಲೆ ಕೂದಲೆಳೆಯಂತೆ ಕಾಣುವ ಗೀರುಗಳಲ್ಲಿ ಎಷ್ಟೋ ಹೀಗೆ ಬಂದವು. ಅಗ್ಗದ ಕಾಗದದಲ್ಲಿ ಉಳಿದಿರುವ ಆಮ್ಲೀಯ ಅಂಶದಿಂದ ಅದು ವರ್ಷ ಕಳೆದಂತೆ ಹಳದಿಗಟ್ಟಿ, ಹಪ್ಪಳದಂತೆ ಮುರಿಯತೊಡಗುತ್ತದೆ. ಮಲೆನಾಡು ಮತ್ತು ಕರಾವಳಿಯವರಿಗೆ ಇದರ ಮೇಲೆ ಇನ್ನೊಂದು ಕಾಟವಿದೆ: ಕಾಗದ ತೇವವನ್ನು ಹೀರಿಕೊಳ್ಳುತ್ತದೆ, ಬೂಷ್ಟಿಗೆ ಆಹಾರವೂ ಆಗುತ್ತದೆ. ಜೂನ್‌ನಲ್ಲಿ ಮುಚ್ಚಿದ ಬೀರುವನ್ನು ಸೆಪ್ಟೆಂಬರಿನಲ್ಲಿ ತೆರೆದಾಗ ಮೂಗಿಗೆ ಬಡಿಯುವ ಆ ವಾಸನೆಯ ಅರ್ಥ ಆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಲ್‌ಪಿಗೆ ನಾನು ಶಿಫಾರಸು ಮಾಡುವುದು ಹೈ ಡೆನ್ಸಿಟಿ ಪಾಲಿಥಿನ್, ಅಂದರೆ ಎಚ್‌ಡಿಪಿಇ ಕವರು. ಇದು ತೆಳ್ಳಗೆ, ಹಾಲುಬಿಳುಪಾಗಿ, ಅರೆಪಾರದರ್ಶಕವಾಗಿರುತ್ತದೆ, ಮೈ ನುಣುಪು, ಮೆದುಗೊಳಿಸುವ ಎಣ್ಣೆಯ ಅಗತ್ಯವೇ ಇಲ್ಲದ್ದರಿಂದ ಒಸರುವ ಪ್ರಶ್ನೆಯೂ ಇಲ್ಲ. ಜಪಾನಿನ ನಗಾವೊಕಾ ಕಂಪನಿಯ 102ನೇ ನಂಬರಿನ ಕವರು ಈ ಬಗೆಯದೇ. ಅದೇ ಮಾದರಿಯಲ್ಲಿ ಬೇರೆಯವರು ಮಾಡಿದವೂ ಸಿಗುತ್ತವೆ. ಇಂಥವನ್ನು ರೈಸ್ ಪೇಪರ್ ಕವರೆಂದು ಮಾರುವುದುಂಟು. ಅಕ್ಕಿಗೂ ಅದಕ್ಕೂ ಸಂಬಂಧವಿಲ್ಲ, ಬಹುತೇಕ ಅದು ಇದೇ ಪ್ಲಾಸ್ಟಿಕ್. ತೀರ ತೆಳ್ಳಗಿರುವುದೊಂದೇ ಇದರ ಕಿರಿಕಿರಿ. ಹೊರ ಕವರಿಗೆ ತುರುಕುವಾಗ ಮುದುಡಿಕೊಂಡು ಸತಾಯಿಸುತ್ತದೆ. ಅದನ್ನು ತಪ್ಪಿಸಲೆಂದು ಕಾಗದದ ಕವರಿನ ಒಳಮೈಗೆ ಇದೇ ಪಾಲಿಥಿನ್ನಿನ ಅಸ್ತರಿ ಕೊಟ್ಟಿರುವ ಬಗೆಯೂ ಉಂಟು. ಪ್ಲೇಟಿಗೆ ತಾಗುವುದು ನುಣುಪಾದ ಪ್ಲಾಸ್ಟಿಕ್, ಕೈಗೆ ಸಿಗುವುದು ಕಾಗದದ ಬಿಗುವು. ಅಮೆರಿಕದ ಮೊಬೈಲ್ ಫಿಡೆಲಿಟಿಯವರ ಮೂರು ಪದರದ ಕವರು ಈ ಎರಡರ ಗುಣವನ್ನೂ ಒಂದುಗೂಡಿಸುವ ಪ್ರಯತ್ನ. ಅಸ್ತರಿಯ ಕವರು ಕೊಳ್ಳುವುದಾದರೆ ನಡುವೆ ಲೇಬಲ್ ಕಾಣಲೆಂದು ತೂತು ಬಿಟ್ಟಿಲ್ಲದ್ದನ್ನು ಹುಡುಕಿ, ಏಕೆಂದರೆ ಆ ತೂತು ಧೂಳಿಗೂ ದಾರಿ.

ಪಾಲಿಪ್ರೊಪಿಲೀನ್ ಗಾಜಿನಷ್ಟು ತಿಳಿಯಾಗಿರುತ್ತದೆ, ಮುಟ್ಟಿದರೆ ಗರಗರ ಎನ್ನುತ್ತದೆ. ಅದು ಪ್ಲೇಟಿಗೆ ವಿಷವಲ್ಲ. ಆದರೆ ಹಾಳೆ ಬಿರುಸು, ಬೆಸುಗೆಯ ಅಂಚು ಚೂಪು. ಅದನ್ನು ಹೊರ ಕವರಿನ ಮೇಲುಹೊದಿಕೆಗೆ ಇಟ್ಟುಕೊಳ್ಳುವುದು ಲೇಸು.

ಆಂಟಿಸ್ಟ್ಯಾಟಿಕ್, ಅಂದರೆ ಸ್ಥಿರ ವಿದ್ಯುತ್ ತಡೆಯುವಂಥದ್ದು, ಎಂಬ ಪದಕ್ಕೆ ಹೆಚ್ಚು ಹಣ ತೆರಬೇಕೆ ಎಂಬುದು ನೀವಿರುವ ಊರಿನ ಮೇಲೆ ನಿಂತಿದೆ. ಪ್ಲೇಟನ್ನು ಕವರಿನಿಂದ ಎಳೆದಾಗ ಉಜ್ಜಾಟದಿಂದ ಅದರ ಮೇಲೆ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಆಗ ಪ್ಲೇಟು ಸುತ್ತಲಿನ ಧೂಳನ್ನೆಲ್ಲ ಸೆಳೆದುಕೊಳ್ಳುತ್ತದೆ, ಮುಂಗೈ ಹತ್ತಿರ ಒಯ್ದರೆ ರೋಮ ನಿಮಿರುತ್ತದೆ. ಗಾಳಿ ಒಣಗಿದ್ದಷ್ಟೂ ಈ ವಿದ್ಯುತ್ ಬೇಗ ಇಳಿಯುವುದಿಲ್ಲ. ಕಲಬುರಗಿ, ರಾಯಚೂರು, ವಿಜಯಪುರಗಳ ಬೇಸಗೆಯಲ್ಲಿ ಇದು ನಿಜವಾದ ತೊಂದರೆ, ಅಲ್ಲಿಯವರು ಆಂಟಿಸ್ಟ್ಯಾಟಿಕ್ ಕವರನ್ನೇ ಕೊಳ್ಳಲಿ. ಮಂಗಳೂರಿನಲ್ಲೋ ಕಾರವಾರದಲ್ಲೋ ವರ್ಷದ ಬಹುಭಾಗ ಗಾಳಿಯ ತೇವವೇ ಆ ಕೆಲಸವನ್ನು ಮಾಡಿಕೊಡುತ್ತದೆ. ಪ್ಲಾಸ್ಟಿಕ್ಕಿಗೆ ಬೆರೆಸಿದ ಆಂಟಿಸ್ಟ್ಯಾಟಿಕ್ ಗುಣ ಕಾಲಕ್ರಮೇಣ ಕುಂದುವುದರಿಂದ, ಒಮ್ಮೆ ಕೊಂಡ ಕವರು ಕೊನೆಯವರೆಗೂ ಹಾಗೆಯೇ ಇರುತ್ತದೆಂದು ನಂಬಬೇಡಿ.

ಅಳತೆಯಲ್ಲಿ ಅವಸರ ಮಾಡಿ ಮೋಸಹೋಗುವವರು ಬಹಳ. ಎಲ್‌ಪಿಯ ವ್ಯಾಸ 30 ಸೆಂಟಿಮೀಟರ್, ರಟ್ಟಿನ ಕವರು ಸುಮಾರು 31.5 ಸೆಂಟಿಮೀಟರ್, ಇವೆರಡರ ನಡುವಿನ ಸಣ್ಣ ಸಂದಿಯಲ್ಲಿ ಒಳ ಕವರು ಕೂರಬೇಕು. ಹಳೆಯ ರಟ್ಟುಗಳು ಅಂಟಿನ ಅಂಚು ಒಳಗೆ ಮಡಚಿಕೊಂಡಿರುವುದರಿಂದ ಇನ್ನೂ ಇಕ್ಕಟ್ಟು. ಅಂಥದರೊಳಗೆ ದಪ್ಪನೆಯ ಮೂರು ಪದರದ ಕವರನ್ನು ತುರುಕಿದರೆ ಐವತ್ತು ವರ್ಷ ತಾಳಿದ ರಟ್ಟು ಒಂದೇ ದಿನದಲ್ಲಿ ಅಂಚಿನುದ್ದಕ್ಕೂ ಸೀಳುತ್ತದೆ. ನಿಮ್ಮಲ್ಲಿರುವ ಅತ್ಯಂತ ಇಕ್ಕಟ್ಟಾದ ಹೊರ ಕವರಿನ ಒಳಗೆ ಸ್ಕೇಲು ಇಳಿಸಿ ಅಳೆದುಕೊಂಡು, ಅದಕ್ಕೆ ಹೊಂದುವುದನ್ನೇ ತನ್ನಿ. ತಳ ಅರ್ಧಚಂದ್ರಾಕಾರವಾಗಿರುವ ಕವರು ಮೂಲೆಗಳಲ್ಲಿ ಮಡಚಿಕೊಳ್ಳದೆ ಸರಾಗವಾಗಿ ಇಳಿಯುತ್ತದೆ. ಪ್ಲಾಸ್ಟಿಕ್ಕಿನ ದಪ್ಪವನ್ನು ನಮ್ಮ ಸಗಟು ಅಂಗಡಿಗಳಲ್ಲಿ ಕೆಲವರು ಮೈಕ್ರಾನ್‌ನಲ್ಲೂ ಕೆಲವರು ಗೇಜಿನಲ್ಲೂ ಹೇಳುತ್ತಾರೆ; 100 ಗೇಜ್ ಎಂದರೆ ಸುಮಾರು 25 ಮೈಕ್ರಾನ್. ದಪ್ಪವಾದದ್ದೇ ಒಳ್ಳೆಯದೆಂಬ ಲೆಕ್ಕ ಒಳ ಕವರಿಗೆ ಅನ್ವಯಿಸುವುದಿಲ್ಲ.

ಚಲನಚಿತ್ರ ಗೀತೆಗಳ 7 ಇಂಚಿನ ಚಿಕ್ಕ ಪ್ಲೇಟುಗಳಾದ ಇಪಿಗಳ ಕಥೆ ಬೇರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಒಳ ಕವರೇ ಇರುವುದಿಲ್ಲ, ಪ್ಲೇಟು ನೇರವಾಗಿ ಚಿತ್ರದ ಕವರಿನೊಳಗೇ ಇರುತ್ತದೆ. ತೆಳುವಾದ ಎಚ್‌ಡಿಪಿಇಯ ಚಿಕ್ಕ ಕವರು ಅದರೊಳಗೆ ಹಿಡಿದರೆ ಸರಿ. ಹಿಡಿಯದಿದ್ದರೆ ಬಲವಂತ ಬೇಡ, ಪ್ಲೇಟನ್ನು ಒಳ ಕವರಿನಲ್ಲಿಟ್ಟು, ಚಿತ್ರದ ಕವರನ್ನೂ ಅದನ್ನೂ ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಮೇಲುಹೊದಿಕೆಯಲ್ಲಿ ಇಡಬಹುದು.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳನ್ನು ಇವುಗಳ ಜೊತೆ ಸೇರಿಸಲೇಬಾರದು. ಅವು ಎಲ್‌ಪಿಯಂತೆ ವಿನೈಲ್ (ಪಿವಿಸಿ) ಅಲ್ಲ, ಅರಗಿಗೆ ಕಲ್ಲುಪುಡಿ ಬೆರೆಸಿ ಅಚ್ಚೊತ್ತಿದವು. ನಮ್ಮ ದೇಶದಲ್ಲಿ ಅವು 1960ರ ದಶಕದಲ್ಲೂ ತಯಾರಾಗುತ್ತಿದ್ದುದರಿಂದ ಮನೆಯ ಪೆಟ್ಟಿಗೆಯಲ್ಲಿ ಎರಡೂ ಬೆರೆತಿರುವುದು ಸಾಮಾನ್ಯ. ಕೈಯಲ್ಲಿ ಹಿಡಿದರೆ ಭಾರದಿಂದಲೇ ಗೊತ್ತಾಗುತ್ತದೆ, ಬಿದ್ದರೆ ಹಂಚಿನಂತೆ ಒಡೆಯುತ್ತದೆ. ಅವಕ್ಕೆ ಆಮ್ಲರಹಿತವಾದ ದಪ್ಪ ಕಾಗದದ ಚೀಲ ಸಾಕು. ಎಲ್‌ಪಿಗೆಂದು ಇಟ್ಟುಕೊಂಡ ಆಲ್ಕೋಹಾಲ್ ಬೆರೆತ ಯಾವ ದ್ರವವನ್ನೂ ಅವುಗಳ ಮೇಲೆ ಹಾಕಬೇಡಿ, ಅರಗು ಅದರಲ್ಲಿ ಕರಗುತ್ತದೆ.

ಹೊಸ ಕವರಿಗೆ ಹಾಕುವ ಮುನ್ನ ಪ್ಲೇಟನ್ನು ತೊಳೆಯಲೇಬೇಕು. ಇಲ್ಲವಾದರೆ ಹಳೆಯ ಧೂಳು ಹೊಸ ಮನೆಗೆ ಬಂದು ಸೇರುತ್ತದೆ. ಲೇಬಲ್ಲಿಗೆ ನೀರು ತಾಗದಂತೆ, ಮೆತ್ತನೆಯ ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲೇ ಉಜ್ಜಿ, ಕೊನೆಯಲ್ಲಿ ಡಿಸ್ಟಿಲ್ಡ್ ವಾಟರಿನಿಂದ ತೊಳೆದು, ಪೂರ್ತಿ ಒಣಗಲು ಬಿಡಿ. ಮಳೆಗಾಲದಲ್ಲಿ ಒಂದು ರಾತ್ರಿಯಿಡೀ ಬಿಟ್ಟರೂ ತಪ್ಪಲ್ಲ. ಒದ್ದೆಯಾಗಿಯೇ ಪಾಲಿಥಿನ್ ಕವರಿಗೆ ಹಾಕಿದರೆ ಆ ತೇವ ಹೊರಹೋಗದೆ ಒಳಗೇ ಉಳಿಯುತ್ತದೆ. ಪ್ಲೇಟಿನ ಅಂಚು ಮತ್ತು ಲೇಬಲ್ ಮಾತ್ರ ಕೈಗೆ ತಾಗುವಂತೆ ಹಿಡಿದು, ಕವರಿನ ಬಾಯನ್ನು ಅಂಗೈಯಿಂದ ಸ್ವಲ್ಪ ಉಬ್ಬಿಸಿ, ಉಜ್ಜದಂತೆ ನಿಧಾನವಾಗಿ ಇಳಿಸಿ. ಆಮೇಲೆ ಒಳ ಕವರಿನ ಬಾಯಿ ಮೇಲ್ಮುಖವಾಗಿರುವಂತೆ ತಿರುಗಿಸಿ ಹೊರ ಕವರಿಗೆ ಸೇರಿಸಿದರೆ, ರಟ್ಟಿನ ಬಾಯಿಂದ ಪ್ಲೇಟು ಜಾರಿ ಬೀಳುವ ಭಯವಿಲ್ಲ. ಕಪಾಟಿನಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಭಾರ ಬಿದ್ದಷ್ಟೂ ಎಷ್ಟೇ ಒಳ್ಳೆಯ ಕವರಾದರೂ ತನ್ನ ಸುಕ್ಕನ್ನು ಪ್ಲೇಟಿಗೆ ಒತ್ತುತ್ತದೆ.

ತೆಗೆದಿಟ್ಟ ಹಳೆಯ ಒಳ ಕವರುಗಳನ್ನು ಬಿಸಾಡಬೇಡಿ. ಕಂಪನಿಯ ಮುದ್ರೆ, ಆ ಕಾಲದ ಜಾಹೀರಾತು, ಹಾಡಿನ ಸಾಹಿತ್ಯ ಅಚ್ಚಾಗಿರುವಂಥವು ಪ್ಲೇಟಿನ ಗುರುತಿನ ಚೀಟಿಯಿದ್ದಂತೆ. ಅವಿಲ್ಲದಿದ್ದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ. ಅವನ್ನು ಖಾಲಿಯಾಗಿಯೇ ಮೇಲುಹೊದಿಕೆಯೊಳಗೆ ಹೊರ ಕವರಿನ ಹಿಂದೆ ಇಟ್ಟುಬಿಡಿ. ನಮ್ಮ ತಂದೆಯವರು ಕಾಗದದ ಕವರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಕೊಂಡ ತಾರೀಖನ್ನೂ ಕೊಟ್ಟ ರೂಪಾಯಿಯನ್ನೂ ಬರೆದಿಡುತ್ತಿದ್ದರು. ಹರಿದ ಕವರುಗಳನ್ನು ಅಂದು ರದ್ದಿಗೆ ಹಾಕುವಾಗ ನಾನು ಆ ಮೂಲೆಗಳನ್ನು ನೋಡಿರಲಿಲ್ಲ.