ಪೊರೆ ನೋಡಿ ಟ್ಯಾರಂಟುಲಾ ಹೆಣ್ಣೋ ಗಂಡೋ ಹೇಳುವುದು: ನನ್ನ ಅನುಭವ

ಕಾರವಾರದ ಮಳೆಗಾಲದಲ್ಲಿ ಜೇಡದ ಪೊರೆಯನ್ನು ಎರಡು ದಿನ ಡಬ್ಬಿಯಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಣಹವೆಯಲ್ಲಿ ಬಿಟ್ಟರೆ ಹಪ್ಪಳದ ಹಾಗೆ ಗರಿಗರಿಯಾಗಿ ಮುಟ್ಟಿದಲ್ಲೆಲ್ಲ ಮುರಿಯುತ್ತದೆ. ಹಾಗಾಗಿ ಟ್ಯಾರಂಟುಲಾ (ಮೈತುಂಬ ರೋಮವಿರುವ ದೊಡ್ಡ ಜೇಡ) ಪೊರೆ ಕಳಚಿದ ದಿನವೇ ಅದನ್ನು ಹೊರಗೆ ತೆಗೆಯುತ್ತೇನೆ. ಆದರೆ ಜೇಡ ಮಗುಚಿ ನೇರವಾಗಿ ನಿಂತು, ತಾನಾಗಿ ದೂರ ಸರಿಯುವವರೆಗೆ ಡಬ್ಬಿಗೆ ಚಿಮಟ ಹಾಕುವುದಿಲ್ಲ. ಆಗ ಅದರ ಮೈಯೆಲ್ಲ ಮೆತ್ತಗಿರುತ್ತದೆ, ವಿಷದ ಹಲ್ಲು ಇನ್ನೂ ಬೆಳ್ಳಗಿರುತ್ತದೆ. ತಡ ಮಾಡಿದರೂ ಕಷ್ಟವೇ: ಕೆಲವು ಜೇಡಗಳು ಪೊರೆಯನ್ನು ಕಚ್ಚಿ ಉಂಡೆ ಕಟ್ಟಿಬಿಡುತ್ತವೆ.

ಬೆನ್ನಿನ ಚಿಪ್ಪು, ಕಾಲುಗಳು ನೋಡಲು ಚೆಂದ, ಈ ಕೆಲಸಕ್ಕೆ ಬೇಡ. ಬೇಕಾದದ್ದು ಕಾಲುಗಳ ಹಿಂದೆ ಒದ್ದೆ ಚಿಂದಿಯ ಹಾಗೆ ಮುದುಡಿ ಬಿದ್ದಿರುವ ಹೊಟ್ಟೆಯ ಚರ್ಮ. ಅಮೆರಿಕ ಖಂಡದ ಬಹುತೇಕ ಜಾತಿಗಳಾದರೆ ಈ ಚರ್ಮದ ಮೇಲೆ ತುರಿಕೆ ಎಬ್ಬಿಸುವ ರೋಮ ಇನ್ನೂ ಅಂಟಿಕೊಂಡಿರುತ್ತದೆ. ಕೈಗವಸು ಹಾಕಿಕೊಳ್ಳಿ. ಮಡಿಕೆ ಬಿಡಿಸಲು ಬಾಯಿಂದ ಊದುವ ಅಭ್ಯಾಸ ಕೆಲವರಿಗಿದೆ, ಅದು ಬೇಡವೇ ಬೇಡ. ರೋಮ ಕಣ್ಣಿಗೆ ಹೋದರೆ ಆಸ್ಪತ್ರೆ ದಾರಿ.

ಬಿಳಿ ತಟ್ಟೆಯಲ್ಲಿ ಒಂದು ಸೆಂ.ಮೀ. ಆಳ ಉಗುರುಬೆಚ್ಚಗಿನ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಸೋಪಿಲ್ಲದಿದ್ದರೆ ರೋಮಗಳ ನಡುವೆ ಗಾಳಿ ನಿಂತು ಚರ್ಮ ತೇಲುತ್ತದೆ, ನೆನೆಯುವುದಿಲ್ಲ. ಹೊಸ ಪೊರೆಗೆ 15 ನಿಮಿಷ ಸಾಕು, ಹಳೆಯದಾದರೆ ರಾತ್ರಿಯಿಡೀ ಬಿಡುತ್ತೇನೆ. ಆಮೇಲೆ ಎರಡು ತೆಂಗಿನ ಕಡ್ಡಿಗಳಿಂದ ಮಡಿಕೆ ಬಿಡಿಸುವುದು. ಎಳೆಯಬಾರದು, ಕಡ್ಡಿಯನ್ನು ಒಳಗೆ ತೂರಿಸಿ ಹೊರಳಿಸಿದರೆ ಚರ್ಮ ತಾನೇ ಬಿಚ್ಚಿಕೊಳ್ಳುತ್ತದೆ. ಒಳಮೈ ಮೇಲೆ ಬರುವಂತೆ ಹರಡಿ.

ಈಗ ನಾಲ್ಕು ಬಿಳಚು ಮಚ್ಚೆಗಳು ಕಾಣಬೇಕು. ಇವು ಪುಸ್ತಕದ ಹಾಳೆಯಂಥ ಶ್ವಾಸಕೋಶಗಳ ಒಳಪದರ, ಕಾಲಿನ ಕಡೆ ಎರಡು, ಹಿಂದೆ ಎರಡು. ಕಾಲಿನ ಕಡೆಯ ಜೋಡಿಯ ನಡುವೆ ಅಡ್ಡಲಾಗಿ ಒಂದು ಸೀಳು ಇದೆ. ಹೆಣ್ಣಾದರೆ ಆ ಸೀಳಿನಿಂದ ಅಂಗಿಯ ಜೇಬಿನ ಮುಚ್ಚಳದಂಥ ಒಂದು ಪದರ ಎದ್ದಿರುತ್ತದೆ: ಬುಡ ಸೀಳಿನಲ್ಲಿ, ತುದಿ ತಲೆಯ ಕಡೆಗೆ. ಅದೇ ಸ್ಪರ್ಮಥೀಕಾ, ಗಂಡಿನ ವೀರ್ಯ ಕೂಡಿಡುವ ಚೀಲ. ಅದರ ಒಳಪದರವೂ ಹೊರಚರ್ಮದ್ದೇ ಮುಂದುವರಿಕೆಯಾದ್ದರಿಂದ ಪೊರೆಯ ಜೊತೆಗೇ ಕಳಚಿ ಬರುತ್ತದೆ. ಕೂಡಿದ ಹೆಣ್ಣು ಮೊಟ್ಟೆ ಇಡುವ ಮೊದಲೇ ಪೊರೆ ಬಿಟ್ಟರೆ ವೀರ್ಯವೆಲ್ಲ ವ್ಯರ್ಥವಾಗುವುದೂ ಇದರಿಂದಲೇ. ಆಕಾರ ಜಾತಿಗೊಂದು: ಬ್ರಾಕಿಪೆಲ್ಮಾ ಎಂಬ ಟ್ಯಾರಂಟುಲಾ ಗುಂಪಿನಲ್ಲಿ ಒಂದೇ ಅಗಲ ಪಟ್ಟಿ, ಅವಿಕ್ಯುಲೇರಿಯಾ ಗುಂಪಿನಲ್ಲಿ ಒಂದಕ್ಕೊಂದು ಕೂಡದ, ಉದ್ದ ಬೆರಳಿನಂಥ ಎರಡು ಚೀಲ.

ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಪೊರೆಯನ್ನು ನೀರಿನಿಂದ ಎತ್ತಿ ಕಾಗದದ ಮೇಲೆ ಹರಡಿದರೆ ಆ ಪದರ ಚರ್ಮಕ್ಕೆ ಅಂಟಿಕೊಂಡು ಮಾಯವಾಗುತ್ತದೆ, ನೋಡಿದವರು ಗಂಡು ಎಂದುಬಿಡುತ್ತಾರೆ. ನೀರಿನೊಳಗೇ ಇಟ್ಟು ನೋಡಿದರೆ ಪದರ ತಾನಾಗಿ ಮೇಲೇಳುತ್ತದೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು, ಅಕ್ಕಸಾಲಿಗರು ಬಳಸುವ 10 ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿ. ಅನುಮಾನವಿದ್ದರೆ ಸೂಜಿಯ ತುದಿಯನ್ನು ಪದರದ ಕೆಳಗೆ ತೂರಿಸಿ. ಹೆಣ್ಣಿನದಾದರೆ ಸಲೀಸಾಗಿ ಎದ್ದು ಮತ್ತೆ ಮಲಗುತ್ತದೆ. ಬರೀ ಮಡಿಕೆಯಾಗಿದ್ದರೆ ಸೂಜಿ ಒಳಗೆ ಹೋಗುವುದೇ ಇಲ್ಲ. ಕೆಲವು ಗಂಡುಗಳಲ್ಲೂ ಸೀಳಿನ ಹತ್ತಿರ ಪುಟ್ಟ ಉಬ್ಬುಗಳಿದ್ದು ಮೋಸ ಮಾಡುತ್ತವೆ.

ಪದರ ಕಂಡರೆ ಹೆಣ್ಣು, ಮಾತು ಮುಗಿಯಿತು. ಕಾಣದಿದ್ದರೆ ಮಾತ್ರ ಗಂಡು ಎಂದು ನಾನು ಬರೆಯುವುದಿಲ್ಲ, ‘ಬಹುಶಃ ಗಂಡು’ ಎಂದಷ್ಟೇ ಬರೆದು ಮುಂದಿನ ಪೊರೆಗೆ ಕಾಯುತ್ತೇನೆ. ಆ ಜಾಗ ಹರಿದುಹೋಗಿರಬಹುದು, ಮರಿ ತೀರಾ ಚಿಕ್ಕದಿರಬಹುದು. ಕಾಲು ಚಾಚಿದಾಗ 5 ಸೆಂ.ಮೀ. ಇಲ್ಲದ ಮರಿಯ ಪೊರೆಯನ್ನು ಮಸೂರದಲ್ಲಿ ನೋಡಿ ತೀರ್ಪು ಕೊಡುವುದು ಜೂಜಾಟವೇ. ಸಿಕಿಯಸ್ ಲಾಂಗಿಬಲ್ಬಿ ಎಂಬ ಬ್ರೆಜಿಲ್ ಜಾತಿಯ ಹೆಣ್ಣಿಗಂತೂ ಸ್ಪರ್ಮಥೀಕಾವೇ ಇಲ್ಲ! ಪ್ರಾಯಕ್ಕೆ ಬಂದ ಗಂಡಿಗೆ ಈ ಯಾವ ಕಸರತ್ತೂ ಬೇಡ, ಬಾಯಿಯ ಪಕ್ಕದ ಗಿಡ್ಡ ಕಾಲುಗಳ ತುದಿಯಲ್ಲಿ ಬಲ್ಬಿನಂಥ ಗಂಟು ಎದ್ದು ಕಾಣುತ್ತದೆ.

ನಮ್ಮ ಘಟ್ಟದ ದರೆಗಳಲ್ಲಿ ಬಿಲ ತೋಡುವ ಥ್ರಿಗ್ಮೊಪಿಯಸ್ ಜೇಡಗಳ ಪೊರೆಗೂ ಇದೇ ವಿಧಾನ ನಡೆಯುತ್ತದೆ. ಬಿಲದ ಬಾಯಲ್ಲಿ ಬಿದ್ದಿರುವ ಪೊರೆ ಕಂಡರೆ ಅಲ್ಲೇ ನೋಡಿ ಬಿಡಿ, ಜೇಡಕ್ಕಾಗಿ ಬಿಲ ಅಗೆಯಬೇಡಿ. ಮರದಲ್ಲಿರುವ ಪೊಯೆಸಿಲೊಥೀರಿಯಾ ಎಂಬ ಟ್ಯಾರಂಟುಲಾಗಳಂತೂ 2019ರಿಂದ ಸೈಟ್ಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ.

ನೋಡಿಯಾದ ಪೊರೆಯನ್ನು ಗಾಜಿನ ತುಂಡಿನ ಮೇಲೆ ಹರಡಿ ಫ್ಯಾನ್ ಗಾಳಿಯಲ್ಲಿ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕುತ್ತೇನೆ. ಚೀಟಿಯಲ್ಲಿ ಜಾತಿ, ಪೊರೆ ಬಿಟ್ಟ ದಿನ, ಕಾಲಿನ ಅಳತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಪೊಟ್ಟಣವನ್ನು ತಿಂಗಳಿಗೊಮ್ಮೆಯಾದರೂ ಬದಲಿಸಲೇಬೇಕು.