ಶೇಕಡಾ ಯಾವ ಕಡೆಯಿಂದ ಹಾಕಬೇಕು? ಟೈಟಾನಿಕ್ ಟೇಬಲ್ ಜೊತೆ ನನ್ನ ಅನುಭವ

ಎರಡು ಕ್ಯಾಟಗರಿ ವೇರಿಯಬಲ್‌ಗಳ (ಅಂದ್ರೆ ದರ್ಜೆ, ಲಿಂಗದ ಹಾಗೆ ಗುಂಪುಗಳಾಗಿ ವಿಂಗಡಿಸೋ ಮಾಹಿತಿಯ) ನಡುವೆ ಸಂಬಂಧ ಇದೆಯಾ ಅಂತ ನೋಡೋದನ್ನು ನಾನು ಕಲಿತದ್ದು ಟೈಟಾನಿಕ್ ಡೇಟಾದಿಂದ. ಅಂಕಿಅಂಶದ ಕೆಲಸಕ್ಕೆ ಬಳಸೋ ಆರ್ (R) ಸಾಫ್ಟ್‌ವೇರ್ ಜೊತೆಗೇ ಈ ಡೇಟಾ ಬರುತ್ತದೆ, 2201 ಜನರ ಲೆಕ್ಕ. ಒಂದು ಕಡೆ ಮೂರು ದರ್ಜೆಯ ಪ್ರಯಾಣಿಕರು ಮತ್ತು ಹಡಗಿನ ಸಿಬ್ಬಂದಿ, ಇನ್ನೊಂದು ಕಡೆ ಬದುಕಿದರಾ ಇಲ್ಲವಾ ಅನ್ನೋದು. ಒಟ್ಟು ಎಂಟು ಮನೆಗಳ ಟೇಬಲ್.

ಮೊದಲ ಸಲ ತಪ್ಪು ಮಾಡಿದೆ. ಬದುಕಿದ 711 ಜನರಲ್ಲಿ ಸಿಬ್ಬಂದಿ 212, ಮೊದಲ ದರ್ಜೆಯವರು 203. ಸಿಬ್ಬಂದಿಯೇ ಜಾಸ್ತಿ ಪಾರಾದರು ಅಂತ ಬರೆದುಬಿಟ್ಟೆ. ಆದರೆ ಸಿಬ್ಬಂದಿ ಇದ್ದದ್ದೇ 885 ಜನ, ಮೊದಲ ದರ್ಜೆಯಲ್ಲಿ ಬರೀ 325. ಆಯಾ ಗುಂಪಿನೊಳಗೇ ಶೇಕಡಾ ಹಾಕಿದಾಗ ಲೆಕ್ಕ ಪೂರ್ತಿ ತಿರುಗಿತು: ಮೊದಲ ದರ್ಜೆ 62, ಎರಡನೆಯದು 41, ಮೂರನೆಯದು 25, ಸಿಬ್ಬಂದಿ 24. ಪರಿಣಾಮ ಯಾವುದು ಅಂತ ಮೊದಲು ತೀರ್ಮಾನಿಸಿ, ಇನ್ನೊಂದರ ಗುಂಪುಗಳೊಳಗೆ ಶೇಕಡಾ ಹಾಕಬೇಕು. ಈಗ ನಾನು ಟೆಸ್ಟ್‌ಗೆ ಕೈ ಹಾಕೋದೇ ಇದಾದ ಮೇಲೆ.

ಆಮೇಲೆ ಕೈ-ಸ್ಕ್ವೇರ್ ಟೆಸ್ಟ್, ಅಂದ್ರೆ ಸಂಬಂಧವೇ ಇಲ್ಲದಿದ್ದರೆ ಬರಬೇಕಿದ್ದ ಸಂಖ್ಯೆಗಳಿಗೂ ನಿಜವಾಗಿ ಬಂದವಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡೋ ಪರೀಕ್ಷೆ. ಒಂದು ಕಮಾಂಡ್ ಕೊಟ್ಟರೆ ಉತ್ತರ ಬರುತ್ತದೆ ನಿಜ, ಆದರೂ ಒಂದು ಮನೆಯನ್ನಾದರೂ ನೀವೇ ಕೂತು ಲೆಕ್ಕ ಹಾಕಿ ನೋಡಿ. ದರ್ಜೆಗೂ ಬದುಕಿದ್ದಕ್ಕೂ ಸಂಬಂಧವೇ ಇಲ್ಲ ಅಂದುಕೊಳ್ಳೋಣ. ಆಗ ಮೊದಲ ದರ್ಜೆಯಲ್ಲಿ ಎಷ್ಟು ಜನ ಬದುಕಬೇಕಿತ್ತು? 325 ಇಂಟು 711, ಅದನ್ನು 2201ರಿಂದ ಭಾಗಿಸಿದರೆ 105. ನಿಜವಾಗಿ ಬದುಕಿದ್ದು 203. ವ್ಯತ್ಯಾಸ 98, ಅದರ ವರ್ಗವನ್ನು 105ರಿಂದ ಭಾಗಿಸಿದರೆ ಸುಮಾರು 91. ಹೀಗೇ ಎಂಟೂ ಮನೆಗಳಿಗೆ ಲೆಕ್ಕ ಹಾಕಿ ಕೂಡಿಸಿದರೆ 190, ಅದೇ ಕೈ-ಸ್ಕ್ವೇರ್, ಅಂದ್ರೆ ಹತ್ತಿರ ಹತ್ತಿರ ಅರ್ಧ ಒಂದೇ ಮನೆಯಿಂದ ಬಂತು. ಪಿ-ವ್ಯಾಲ್ಯೂ (ಸಂಬಂಧವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೋ ಸಂಭವ) ಎಷ್ಟೇ ಚಿಕ್ಕದಿದ್ದರೂ ಈ ಮಾತು ಹೇಳಲ್ಲ. ಸಂಬಂಧ ಎಷ್ಟು ಗಟ್ಟಿ ಅನ್ನೋದನ್ನೂ ಹೇಳಲ್ಲ, ಅದಕ್ಕೆ 0ಯಿಂದ 1ರವರೆಗೆ ಸಂಬಂಧದ ಬಲ ಅಳೆಯೋ ಕ್ರೇಮರ್ಸ್ ವಿ ನೋಡಬೇಕು. ಇಲ್ಲಿ ಅದು 0.29.

ಹೀಗೆ ನಿರೀಕ್ಷಿಸೋ ಸಂಖ್ಯೆ ಕೆಲವು ಮನೆಗಳಲ್ಲಿ 5ಕ್ಕಿಂತ ಕಡಿಮೆ ಬಂದರೆ ಕೈ-ಸ್ಕ್ವೇರ್ ಬದಲು, ಚಿಕ್ಕ ಸಂಖ್ಯೆಗಳಿಗೂ ಹೊಂದುವ ಫಿಶರ್ ಎಕ್ಸಾಕ್ಟ್ ಟೆಸ್ಟ್ ಮಾಡುತ್ತೇನೆ.

ನನಗೆ ಜಾಸ್ತಿ ಕಲಿಸಿದ್ದು ಮಾತ್ರ ಆ 25 ಮತ್ತು 24. ಮೂರನೇ ದರ್ಜೆಯವರಿಗೂ ಸಿಬ್ಬಂದಿಗೂ ಒಂದೇ ಗತಿ ಅನ್ನಿಸುತ್ತದೆ ಅಲ್ವಾ? ಗಂಡಸರು, ಹೆಂಗಸರು ಅಂತ ಬೇರೆ ಮಾಡಿ ನೋಡಿದೆ. ಮೂರನೇ ದರ್ಜೆಯಲ್ಲಿ ಹೆಣ್ಣುಮಕ್ಕಳು 196, ಸಿಬ್ಬಂದಿಯಲ್ಲಿ ಬರೀ 23. ಗಂಡಸರನ್ನಷ್ಟೇ ತೆಗೆದುಕೊಂಡರೆ ಮೂರನೇ ದರ್ಜೆಯ 510ರಲ್ಲಿ ಬದುಕಿದ್ದು 88, ಶೇಕಡಾ 17. ಸಿಬ್ಬಂದಿಯ 862ರಲ್ಲಿ 192, ಶೇಕಡಾ 22. ಎರಡೇ ವೇರಿಯಬಲ್ ಇದ್ದ ಟೇಬಲ್‌ನಲ್ಲಿ ಈ ಅಂತರ ಕಾಣಿಸಿಯೇ ಇರಲಿಲ್ಲ.